ಹನ್ನೆರಡು ಚಿತ್ರದ ಅವ್ವ

ನನ್ನ ಫೋನಿನಲ್ಲಿ ಹತ್ತು ಸೆಕೆಂಡಿನ ಒಂದು ವಿಡಿಯೊ ಇತ್ತು. ಈಗ ಇಲ್ಲ, ಅಳಿಸಿದ್ದೇನೆ. ಆದರೆ ಮೈಂದರ್ಗಿಯಿಂದ ಸೊಲ್ಲಾಪುರದವರೆಗೆ ಇನ್ನೂ ಎಷ್ಟು ಫೋನುಗಳಲ್ಲಿ ಇದೆಯೋ, ದೇವರಿಗೇ ಗೊತ್ತು.

ನಡೆದದ್ದಿಷ್ಟು. ಗೆಳತಿ ಶೈಲಾ ಗಡಿಯಂಚಿನ ಮೈಂದರ್ಗಿಯ ಕನ್ನಡ ಶಾಲೆಯಲ್ಲಿ ಟೀಚರು. ಆಕೆಯ ಶಾಲೆಯ ಮಕ್ಕಳಿಗಾಗಿ ನಾನೊಂದು ಡಬ್ಬಿ ಮಾಡಿಕೊಂಡು ಹೋಗಿದ್ದೆ. ದುಂಡನೆಯ ರಟ್ಟಿನ ಡಬ್ಬಿ, ಸುತ್ತ ಸೀಳುಗಳು, ಅಡಿಯಲ್ಲೊಂದು ಹಳೆಯ ಬೇರಿಂಗ್. ಒಳಗೆ ಹನ್ನೆರಡು ಚಿತ್ರಗಳ ಪಟ್ಟಿ ಇಟ್ಟು ತಿರುಗಿಸಿ, ಸೀಳಿನಲ್ಲಿ ಇಣುಕಿದರೆ ಚಿತ್ರಕ್ಕೆ ಜೀವ ಬರುತ್ತದೆ. ಬೀಜ ಮೊಳಕೆಯೊಡೆಯುವುದು, ಚಂದ್ರ ಸಣ್ಣಗಾಗುವುದು, ಯಾವ ಪಾಠ ಬೇಕಾದರೂ ಮಾಡಬಹುದು. ನಕ್ಷೆ ಇಂಟರ್ನೆಟ್ಟಿನಲ್ಲಿ ಪುಕ್ಕಟೆ. ಓಪನ್ ಸೋರ್ಸ್. ಯಾರು ಬೇಕಾದರೂ ಮಾಡಿ, ಯಾರಿಗೆ ಬೇಕಾದರೂ ಹಂಚಿ. (ಈ ಮಾತನ್ನು ಅಂದು ಮಕ್ಕಳಿಗೆ ನಾಲ್ಕು ಸಲ ಹೇಳಿದೆ. ನನಗೆ ಭಾಷಣದ ಚಟ.)

"ನಿಮಗ ಗೊತ್ತಿದ್ದದ್ದು ಏನರೆ ಚಿತ್ರ ತಗೀರಿ," ಅಂದಳು ಶೈಲಾ. ಮಕ್ಕಳು ಎಸ್‌ಟಿ ಬಸ್ಸು, ಕೋಳಿ, ಕ್ರಿಕೆಟ್ ಬ್ಯಾಟು ಬರೆದರು.

ಆರನೇ ತರಗತಿಯ ಸುವರ್ಣಾ ತನ್ನ ಅವ್ವನನ್ನು ಬರೆದಳು. ಹೋದ ವರ್ಷ ತೀರಿಕೊಂಡ ಅವ್ವ. ಒಲೆಯ ಮುಂದೆ ಕೂತು ರೊಟ್ಟಿ ಬಡಿಯುತ್ತಾಳೆ, ರೊಟ್ಟಿ ದೊಡ್ಡದಾಗುತ್ತ ಹೋಗುತ್ತದೆ, ಕೊನೆಗೆ ಸೆರಗಿನಿಂದ ಕಣ್ಣೊರೆಸಿಕೊಂಡು ಮಗಳ ಕಡೆ ತಿರುಗಿ ನೋಡುತ್ತಾಳೆ. ಸೀಳಿಗೆ ಕಣ್ಣಿಟ್ಟ ಸುವರ್ಣಾ ಡಬ್ಬಿ ಬಿಡಲೇ ಇಲ್ಲ.

ನಾನೂ ಇಣುಕಿದೆ. ಅಂಥದ್ದು ಕಂಡರೆ ನಾವೀಗ ಏನು ಮಾಡುತ್ತೇವೆ? ಫೋನ್ ತೆಗೆದು ಸೀಳಿಗೆ ಹಿಡಿಯುತ್ತೇವೆ.

ಅಕ್ಕಲಕೋಟ ಸ್ಟ್ಯಾಂಡಿನಲ್ಲಿ ಸೊಲ್ಲಾಪುರದ ಬಸ್ಸಿಗೆ ಕಾಯುತ್ತ ವಿಡಿಯೊವನ್ನು ಮೂರು ಗ್ರೂಪಿಗೆ ಹಾಕಿದೆ. "ತೀರಿಕೊಂಡ ತಾಯಿಯನ್ನು ಮರಳಿ ತಂದ ಮೈಂದರ್ಗಿಯ ಸುವರ್ಣಾ" ಅಂತ ಬರೆದೆ. ಬಸ್ಸು ವಳಸಂಗ ದಾಟುವಷ್ಟರಲ್ಲಿ ಕೈಮುಗಿದ, ಕಣ್ಣೀರಿಟ್ಟ ಇಮೋಜಿಗಳ ಸುರಿಮಳೆ. ಒಳಗೊಳಗೇ ಖುಷಿಪಟ್ಟೆ. ಸುಳ್ಳು ಯಾಕೆ ಹೇಳಲಿ?

ನಾಲ್ಕನೇ ದಿನ ಸೊಲ್ಲಾಪುರದ ನನ್ನ ಆಫೀಸಿಗೆ ಒಬ್ಬರು ಹುಡುಕಿಕೊಂಡು ಬಂದರು. ಸುವರ್ಣಾಳ ಅಪ್ಪ. ದಿನಾ ಸೊಲ್ಲಾಪುರಕ್ಕೆ ಬಂದು ಬಟ್ಟೆ ಅಂಗಡಿಯಲ್ಲಿ ಲೆಕ್ಕ ಬರೆಯುವವರು. ಕೂತುಕೊಳ್ಳಿ ಅಂದರೂ ಕೂರಲಿಲ್ಲ.

"ಅಕ್ಕಾರ, ಹೆಂಡತಿನ್ನ ಅಷ್ಟ್ಯಾಕ ಅಳಸ್ತಿದ್ದಿ ಅಂತ ಮಂದಿ ನನ್ನ ಕೇಳಾಕತ್ತಾರ. ಅಂಗಡಿ ಮಾಲಕರೂ ಕೇಳಿದ್ರು."

ಅವರ ಎದುರಿಗೇ ವಿಡಿಯೊ ಮತ್ತೆ ನೋಡಿದೆ. ಹತ್ತು ಸೆಕೆಂಡಿನಲ್ಲಿ ಅವ್ವ ಹತ್ತು ಸಲ ಕಣ್ಣೊರೆಸಿಕೊಳ್ಳುತ್ತಾಳೆ. ಆಕೆ ಬದುಕಿಡೀ ಬೇರೇನೂ ಮಾಡಿಯೇ ಇಲ್ಲವೇನೋ ಅನ್ನುವಂತೆ. ಡಬ್ಬಿಯ ಗುಣವೇ ಅದು. ಒಮ್ಮೆ ಮಾಡಿದ್ದನ್ನು ಮತ್ತೆ ಮತ್ತೆ ಮಾಡಿಸುತ್ತದೆ. ಮಕ್ಕಳಿಗೆ ಇದನ್ನೆಲ್ಲ ವಿವರಿಸಿದ್ದ ನನಗೇ ಅದು ಹೊಳೆದಿರಲಿಲ್ಲ.

"ಆಕಿ ಅಳತಿರಲಿಲ್ರಿ," ಅಂದರು. "ಹಸಿ ಕಟಗಿ ಹೊಗಿ ಅದು. ಮನ್ಯಾಗ ಗ್ಯಾಸ್ ಇತ್ತು, ಆದ್ರ ರೊಟ್ಟಿ ಒಲಿ ಮ್ಯಾಲೇ ಆಗಬೇಕಂತಿದ್ಲು." ಆಮೇಲೆ ದನಿ ಇಳಿಸಿ ಹೇಳಿದರು, "ಪೋರಿ ಸರಿಯಾಗಿ ಉಣ್ಣವಲ್ಲಳ್ರಿ. ಅವ್ವನ್ನ ನಾನೇ ಮಂದಿ ಬಾಯಿಗೆ ಹಾಕೀನಿ ಅಂತಾಳ."

ಬೈದಿದ್ದರೆ ಚೆನ್ನಾಗಿತ್ತು. ಬೈಯದೆ ಚೀಲ ಹೆಗಲಿಗೇರಿಸಿ ಹೊರಟುಹೋದರು.

ಗ್ರೂಪುಗಳಲ್ಲಿ ಬೇಡಿಕೊಂಡೆ, ದಯವಿಟ್ಟು ಡಿಲೀಟ್ ಮಾಡಿ ಅಂತ. ಏನಾಯಿತು ಹೇಳಿ? ಅಲ್ಲಿಯವರೆಗೆ ನೋಡದಿದ್ದವರೂ ನೋಡಿದರು.

ಶನಿವಾರ ಮೈಂದರ್ಗಿಗೆ ಹೋದೆ. ತಪ್ಪಾಯಿತು ಮಗಳೇ ಅಂದೆ. ಹನ್ನೊಂದು ವರ್ಷದ ಹುಡುಗಿಯ ಮುಂದೆ ನನಗೆ ತಲೆ ಎತ್ತಲಾಗಲಿಲ್ಲ. ಸುವರ್ಣಾ ಪಾಟಿಚೀಲದಿಂದ ಹೊಸ ಪಟ್ಟಿಯೊಂದನ್ನು ತೆಗೆದು ಡಬ್ಬಿಯಲ್ಲಿಟ್ಟು ತಿರುಗಿಸಿದಳು. ಇಣುಕಿ ನೋಡಿದೆ. ಅದೇ ಒಲೆ, ಅದೇ ರೊಟ್ಟಿ. ರೊಟ್ಟಿ ತನ್ನಷ್ಟಕ್ಕೆ ತಾನು ದುಂಡಗಾಗುತ್ತ ಹೋಯಿತು. ಬಡಿಯುವವರು ಯಾರೂ ಇರಲಿಲ್ಲ.

"ಇದನ್ನ ಬೇಕಾದ್ರ ಕಳಸ್ರಿ," ಅಂದಳು.

ಡಬ್ಬಿಯ ನಕ್ಷೆ ಎಲ್ಲರದೂ ಹೌದು, ಆದರೆ ಆ ಅವ್ವ ಸುವರ್ಣಾಳೊಬ್ಬಳಿಗೆ ಸೇರಿದವಳು. ಫೋನ್ ತೆಗೆಯುವ ಮುಂಚೆ ನಾನೇಕೆ ಒಂದು ಮಾತು ಕೇಳಲಿಲ್ಲ?