ಹೆಂಡತಿಯ ಬ್ಯಾಗಿನಲ್ಲಿ ಜಪಾನಿನ ಕಾಡು

ನನ್ನ ಹೆಂಡತಿ ಎಲ್ಲಿಂದಲೂ ಬರಿಗೈಯಲ್ಲಿ ಬಂದವಳಲ್ಲ. ಕರಾಮದ ನಮ್ಮ ಫ್ಲ್ಯಾಟಿನ ಬಾಲ್ಕನಿಯಲ್ಲಿ ಮೊಸರಿನ ಬಕೆಟ್ಟುಗಳಲ್ಲಿರುವ ಬಸಳೆ, ಮಲ್ಲಿಗೆ, ಕರಿಬೇವು ಎಲ್ಲವೂ ಊರಿಂದ ಒದ್ದೆ ಕಾಲುಚೀಲದೊಳಗೆ ಮಲಗಿಕೊಂಡೇ ದುಬೈಗೆ ಇಳಿದವು. ಕಸ್ಟಮ್ಸ್ ದಾಟುವಾಗ ಬೆವರುವುದು ಮಾತ್ರ ನಾನು. ಇಲ್ಲಿ ನಿಷೇಧವಿರುವ ಗಸಗಸೆ ತಂದು ಸಿಕ್ಕಿಬಿದ್ದವರ ಕಥೆ ಕೇಳದವರು ಇಲ್ಲಿ ಯಾರಿದ್ದಾರೆ?

ಹಾಗಾಗಿ ಆ ಈದ್ ರಜೆಯಲ್ಲಿ ಜಪಾನಿಗೆ ಹೋಗಿ, ಶಿಂಟೋ ದೇವಸ್ಥಾನವೊಂದರ ಬೆನ್ನಿಗಿದ್ದ ಕಾಡಿನ ಮುಂದೆ ನಿಂತಾಗಲೇ ನನಗೆ ಸಂಶಯ. ನೂರಾರು ವರ್ಷಗಳಿಂದ ಕೊಡಲಿ ಕಾಣದ ಕಾಡು. ಎಲೆಯನ್ನೂ ಕೀಳಬಾರದೆಂದು ಫಲಕ. ಅದನ್ನು ಓದಿದ ಹೆಂಡತಿ, "ನೀವು ಮುಂದೆ ಹೋಗಿ, ಬಂದೆ" ಎಂದಳು. ಮದುವೆಯಾದಾಗಿನಿಂದ ನನ್ನನ್ನು ಮುಂದೆ ಬಿಟ್ಟವಳಲ್ಲ. ತಿರುಗಿ ನೋಡಿದರೆ ಬಗ್ಗಿ ಏನೋ ಮಾಡುತ್ತಿದ್ದಾಳೆ. ಹತ್ತಿರ ಬಂದಾಗ ಬ್ಯಾಗು ಉಬ್ಬಿತ್ತು.

"ಕೊಡು, ನಾನು ಹಿಡ್ಕೊಳ್ತೇನೆ."

"ಬೇಡ ಮಾರಾಯ್ರೇ, ಭಾರ ಇಲ್ಲ."

ಪಾಚಿ ಹೊದ್ದ ಮುದಿಮರಗಳನ್ನು ಬಿಟ್ಟು ನಾನು ತಿರುತಿರುಗಿ ಆ ಬ್ಯಾಗನ್ನೇ ನೋಡುತ್ತ ನಡೆದೆ. ಹಿಂದಿನಿಂದ ಅವಳ ಹೆಜ್ಜೆಯ ಸಪ್ಪಳವೇ ಇಲ್ಲ. ಕಳ್ಳನಡೆ ಎಂದುಕೊಂಡೆ. ಹೊರಗೆ ಬಂದ ಮೇಲೆ ನನ್ನನ್ನು ನೀರಿಗೆ ಅಟ್ಟಿದಳು. ಬಾಟಲಿ ಹಿಡಿದು ವಾಪಸು ಬಂದರೆ ಬ್ಯಾಗು ಚಪ್ಪಟೆ! ಎಲ್ಲಿಗೆ ದಾಟಿಸಿದಳು? ಹೋಟೆಲಿನಲ್ಲಿ ಅವಳು ಸ್ನಾನಕ್ಕೆ ಹೋದಾಗ ಬ್ಯಾಗಿನ ತಳಕ್ಕೆ ಕೈಹಾಕಿದೆ. ಬೆರಳಿಗೆ ಕಪ್ಪು ಮಣ್ಣು.

ದುಬೈ ಏರ್‌ಪೋರ್ಟಿನಲ್ಲಿ ಅಧಿಕಾರಿ ನಮ್ಮ ಬ್ಯಾಗುಗಳನ್ನೇ ಮಷೀನಿಗೆ ಹಾಕಿಸಿದ. ನಾನು ಹೆಂಡತಿಯ ಕಿವಿಗೆ ಬಗ್ಗಿದೆ.

"ಎಂತ ತಂದಿದ್ದಿ, ಈಗಲೇ ಹೇಳು. ಬೀಜವಾ, ಬೇರಾ? ನನ್ನ ವೀಸಾ ಹೋದರೆ ಗಂಟುಮೂಟೆ ಕಟ್ಟಬೇಕಾಗ್ತದೆ!"

ಅಧಿಕಾರಿ ಪರದೆ ನೋಡಿ, ಆಕಳಿಸಿ, "ಯಲ್ಲಾ" ಎಂದು ಹೋಗುವಂತೆ ಕೈಬೀಸಿದ. ಹೆಂಡತಿ ಮಾತ್ರ ಟ್ರಾಲಿ ನಿಲ್ಲಿಸಿದಳು.

"ನಾಗಬನದಿಂದ ಯಾರಾದರೂ ಎಂತಾದರೂ ತರ್ತಾರಾ?"

ನಮ್ಮ ಕರಾವಳಿಯಲ್ಲಿ ನಾಗನಿಗೆ ಬಿಟ್ಟ ಬನದಿಂದ ಒಣಕಡ್ಡಿಯನ್ನೂ ಹೊರಗೆ ತರುವುದಿಲ್ಲ, ಒಳಗೆ ಚಪ್ಪಲಿ ಮೆಟ್ಟುವುದಿಲ್ಲ.

"ಶೂ ಬಿಚ್ಚಿ ಬ್ಯಾಗಿಗೆ ಹಾಕಿದ್ದೆ. ಬರಿಗಾಲಲ್ಲಿ ನಡೆದೆ. ಸಾಕಾ?"

ನೆಲ ಮುಟ್ಟುವ ಪಲಾಜೊ ಪ್ಯಾಂಟು ಹಾಕಿದ್ದಳು, ನಿಜ. ಆದರೆ ನಾನು ಅವಳ ಕಾಲು ನೋಡಿದ್ದಾದರೂ ಎಲ್ಲಿ? ದಪ್ಪ ಅಡಿಯ ಬೂಟು ಹಾಕಿಕೊಂಡು ದಾರಿಯುದ್ದಕ್ಕೂ ಅವಳ ಕೈಯನ್ನೇ ಕಾದಿದ್ದೆ.

ಟ್ಯಾಕ್ಸಿಯಲ್ಲಿ ಅವಳು ಕಿಟಕಿಗೆ ಮುಖ ತಿರುಗಿಸಿ ಕೂತಳು. ಮನೆ ಸೇರಿ, ಬಸಳೆಗೆ ನೀರು ಹಾಕಿ, ಸೋಫಾದ ಮೇಲೆ ಕಾಲು ಚಾಚಿದಳು. ಹಿಮ್ಮಡಿಯಲ್ಲಿ ತೆಳ್ಳಗೆ ಒಂದು ಗೀರು.

"ಇದೆಂತ? ಮುಳ್ಳಾ? ಹುಳ ಕಚ್ಚಿತಾ? ಆ ದೇಶದ ಹುಳಕ್ಕೆ ಇಲ್ಲಿ ಮದ್ದು ಸಿಗ್ತದಾ? ಏಳು, ಕ್ಲಿನಿಕ್ಕಿಗೆ ಹೋಗುವ..."

"ನೋಡಿ," ಎಂದಳು, ಏರ್‌ಪೋರ್ಟಿನಿಂದ ಬಂದ ಮೇಲೆ ಮೊದಲ ಸಲ ನಗುತ್ತ. "ಇದಕ್ಕೇ ನಾನು ಹೇಳದಿದ್ದದ್ದು."