ಜಾಲರಿಯೊಳಗಿನ ನೆಗೆತಗಾರ

ಲುದ್ವಿಕ್ ವ್ರೊನಾ ಲಂಚ ತಿಂದು ಪಂದ್ಯ ಬಿಟ್ಟುಕೊಟ್ಟ ಎಂಬ ಮಾತು ಅವನ ಊರು ಕೋಲ್ಟನ್ನಿನ ಹೆಂಡದಂಗಡಿಗಳಲ್ಲಿ ಇವತ್ತಿಗೂ ಸತ್ತಿಲ್ಲ. ಅದು ಕಿವಿಗೆ ಬಿದ್ದಾಗಲೆಲ್ಲ ಅವನಿಗೆ ಅಂಗಾಲಿನಿಂದ ನೆತ್ತಿಯವರೆಗೆ ಉರಿಯುತ್ತದೆ. ತಿಂದದ್ದು ಏಟು. ಎಂಟು ವರ್ಷ ಬರೀ ಏಟು.

ಹತ್ತೊಂಬತ್ತಕ್ಕೇ ಆರಡಿ ನಾಲ್ಕಂಗುಲ. ಪೆನ್ಸಿಲ್ವೇನಿಯಾದ ಕಲ್ಲಿದ್ದಲ ಗಣಿಯಲ್ಲಿ ಬೆನ್ನು ಬಗ್ಗಿಸಿಕೊಂಡೇ ಬದುಕಬೇಕಿದ್ದ ಅವನನ್ನು ಊರಿನ ಬಾಸ್ಕೆಟ್‌ಬಾಲ್ ತಂಡದ ಕ್ಯಾಪ್ಟನ್ ಒಟ್ಟೊ ಮೇಲಕ್ಕೆ ತಂದು ನೆಟ್ಟಗೆ ನಿಲ್ಲಿಸಿದ. ಕೂಲಿಗೆ ಆಡುವ ತಂಡ. ಆಗೆಲ್ಲ ಪ್ರತಿ ಸಲ ಬುಟ್ಟಿಗೆ ಬಿದ್ದ ಮೇಲೂ ಚೆಂಡು ಕಣದ ನಡುವಿಗೇ ಬರುತ್ತಿತ್ತು. ರೆಫರಿ ಮೇಲಕ್ಕೆ ಎಸೆದರೆ ಎರಡೂ ಕಡೆಯ ನಡುವಿನ ಆಟಗಾರರು, ಅಂದರೆ ಸೆಂಟರ್‌ಗಳು, ನೆಗೆಯಬೇಕು. ತಟ್ಟಿ ತನ್ನವರಿಗೆ ಕೊಟ್ಟವನೇ ಗಂಡು. ಸೆಂಟರ್ ಆಗಿದ್ದ ಲುದ್ವಿಕ್ ಎತ್ತ ತಟ್ಟುತ್ತೇನೆಂದು ತನ್ನವರಿಗೆ ಮೊದಲೇ ಗುಟ್ಟಾಗಿ ಸನ್ನೆ ಮಾಡುತ್ತಿದ್ದ. ಕಿವಿ ಮುಟ್ಟಿದರೆ ಎಡಕ್ಕೆ, ಮೂಗು ಒರೆಸಿದರೆ ಬಲಕ್ಕೆ, ಚಡ್ಡಿ ಎಳೆದುಕೊಂಡರೆ ಹಿಂದಕ್ಕೆ.

ಕಣದ ಸುತ್ತ ತಂತಿಯ ಜಾಲರಿ. ಹೊರಗಿನಿಂದ ಹೆಂಗಸರು ಟೋಪಿಯ ಸೂಜಿ ತೆಗೆದು ಆಟಗಾರರ ತೊಡೆಗೆ ಚುಚ್ಚುತ್ತಿದ್ದರು. ಗಣಿಯವರು ದೀಪದಲ್ಲಿ ಕಾಯಿಸಿದ ಮೊಳೆ ಎಸೆಯುತ್ತಿದ್ದರು. ಎದುರಾಳಿ ಸೆಂಟರ್ ಲುದ್ವಿಕ್‌ನ ಪಾದ ತುಳಿದುಕೊಂಡೇ ನೆಗೆಯುತ್ತಿದ್ದ. ಮೂಗು ಮೂರು ಸಲ ಮುರಿಯಿತು.

ಅವನು ತಟ್ಟಿದ ಚೆಂಡನ್ನು ಹಿಡಿಯುತ್ತಿದ್ದವನು ಪಕ್ಕದ ಮನೆಯ ಗೆಳೆಯ ಜೆನೊನ್. ಎಂಟನೇ ವರ್ಷ ಎದುರೂರಿನ ತಂಡ ಹೆಚ್ಚು ಕೂಲಿ ಕೊಡುತ್ತೇವೆಂದು ಕರೆಯಿತು. ಜೆನೊನ್ ಹೋದ. ಅದರಲ್ಲಿ ತಪ್ಪೇನೂ ಇರಲಿಲ್ಲ, ಎಲ್ಲರೂ ಹೋಗುತ್ತಿದ್ದರು. ಕ್ರಿಸ್ಮಸ್ ಕಳೆದ ಮೂರನೇ ದಿನ ಆ ತಂಡದ ಮೇಲೇ ಪಂದ್ಯ.

"ಸನ್ನೆ ಬದಲಾಯಿಸು. ಅವನಿಗೆಲ್ಲಾ ಗೊತ್ತು," ಎಂದ ಒಟ್ಟೊ.

"ಹಬ್ಬದ ಹಿಂದಿನ ಸಂಜೆ ಪೂಜೆಯ ತೆಳು ರೊಟ್ಟಿ ನಾನೂ ಜೆನೊನೂ ಮುರ್ಕೊಂಡು ತಿಂದಿದೀವಿ. ಒಬ್ರಿಗೊಬ್ರು ಕೇಡು ಮಾಡಲ್ಲ ಅಂತ ತಿನ್ನೋದು ಅದು. ಈಗ ಸನ್ನೆ ಬದಲಾಯಿಸಿದ್ರೆ ಕಳ್ಳ ಅಂತ ಅವನ ಮುಖಕ್ಕೇ ಉಗಿದ ಹಾಗೆ."

"ನಿನ್ನ ರೊಟ್ಟಿಗೆ ಬೆಂಕಿ ಬೀಳ! ಇದು ಆಟ ಕಣೋ!"

"ಏನಾದ್ರೂ ಆಗ್ಲಿ. ಬದಲಾಯಿಸಲ್ಲ."

ಮೊದಲ ನೆಗೆತಕ್ಕೆ ಕಿವಿ ಮುಟ್ಟಿ ಎಡಕ್ಕೆ ತಟ್ಟಿದ. ಅಲ್ಲಿ ಜೆನೊನ್ ಮೊದಲೇ ಬಂದು ನಿಂತಿದ್ದ. ಮೂಗು ಒರೆಸಿದ, ಬಲಕ್ಕೂ ಅವನೇ. ಗಾಬರಿಯಾಗಿ ಸನ್ನೆಯನ್ನೇ ಬಿಟ್ಟು ತಟ್ಟಿದರೆ ತನ್ನವರೇ ದಿಕ್ಕು ತಪ್ಪಿ ಒಬ್ಬರ ಮೇಲೊಬ್ಬರು ಬಿದ್ದರು. ಹತ್ತೊಂಬತ್ತು ಅಂಕದ ಸೋಲು.

"ಎಷ್ಟಕ್ಕೆ ಮಾರ್ಕೊಂಡ್ಯೋ, ಉದ್ದಣ್ಣ?" ಎಂದು ಜಾಲರಿಯ ಆಚೆಯಿಂದ ಒಬ್ಬ ಕೂಗಿದ. ಅಷ್ಟೇ ಸಾಕಾಯಿತು. ಬದಲಾಯಿಸಲ್ಲ ಎಂದದ್ದನ್ನೇ ಒಟ್ಟೊ ಸಾಕ್ಷಿ ಮಾಡಿಕೊಂಡು ಅವನನ್ನು ತಂಡದಿಂದ ಕಿತ್ತುಹಾಕಿದ.

ಭಾನುವಾರ ಲುದ್ವಿಕ್ ಜೆನೊನ್‌ನ ಅಡುಗೆಮನೆಗೇ ನುಗ್ಗಿದ. ಅವನು ಎಲೆಕೋಸಿನ ಸಾರು ಕುಡಿಯುತ್ತಿದ್ದ.

"ಹೂಂ, ಹೇಳ್ದೆ. ಕೇಳಿದ್ರು, ಹೇಳ್ದೆ," ಎಂದ, ಚಮಚ ಕೆಳಗಿಡದೆ.

"ಅದನ್ನೇ ಒಟ್ಟೊ ಮುಂದೆ ಬಂದು ಹೇಳು. ಊರೆಲ್ಲಾ ನನ್ನ ಮೇಲೆ ಉಗೀತಿದೆ."

"ಹೇಳಿದ್ರೆ ನಾಳೆ ಯಾವ ತಂಡ ನನ್ನ ಸೇರಿಸ್ಕೊಳ್ಳುತ್ತೆ? ತಡಿ ಲುದ್ವಿಕ್. ಆಡೋದು ಬಿಟ್ಟ ದಿನ ನಾನೇ ಹೇಳ್ತೀನಿ, ದೇವರಾಣೆ."

ಲುದ್ವಿಕ್ ಮತ್ತೆ ಗಣಿಗಿಳಿದು ಬೆನ್ನು ಬಗ್ಗಿಸಿದ. ಕೆಳಗೂ ಅದೇ ಮೂದಲಿಕೆ. ಕೆಲವು ವರ್ಷಕ್ಕೆ ಸೂಟು ಹಾಕಿದ ಯಾರೋ ನಾಲ್ಕು ಜನ ಕೂತು, ಚೆಂಡು ಬುಟ್ಟಿಗೆ ಬಿದ್ದ ಮೇಲೆ ನೆಗೆಯುವ ನಿಯಮವನ್ನೇ ತೆಗೆದುಹಾಕಿದರು. ಸುದ್ದಿ ಕೇಳಿ ಅವನು ಪೇಪರನ್ನು ಒಲೆಗೆ ತುರುಕಿದ. ಒಬ್ಬನ ಎಂಟು ವರ್ಷದ ನೆಗೆತವನ್ನು ಅಳಿಸುವುದಕ್ಕೆ ಒಂದು ಸಾಲು ಸಾಕಾಯಿತೇ!

ಮಂಡಿ ಹೋದದ್ದರಿಂದ ಅದೇ ವರ್ಷ ಜೆನೊನ್ ಆಟ ಬಿಟ್ಟ. ಲುದ್ವಿಕ್ ಚರ್ಚಿನ ಮೆಟ್ಟಿಲ ಮೇಲೆ ಕಾದು, ಒಟ್ಟೊ ಹೊರಗೆ ಬಂದ ಗಳಿಗೆಗೇ ಜೆನೊನ್‌ನ ತೋಳು ಹಿಡಿದ.

"ಆಟ ಬಿಟ್ಟೆಯಲ್ಲ. ಈಗ ಹೇಳು."

"ಈಗ ನೆಗೆಯೋದೇ ಇಲ್ಲ, ಆ ಸನ್ನೆ ಯಾರಿಗೆ ಬೇಕೋ? ನಡಿ, ಬಿಯರ್ ಕುಡಿಸ್ತೀನಿ."

"ನಿನ್ನ ಬಿಯರ್ ನಾಯಿಗೆ ಹುಯ್ಯಿ! ಹೇಳು!"

ಒಟ್ಟೊ ಮೂರು ಮೆಟ್ಟಿಲು ಕೆಳಗಿದ್ದ. ತಿರುಗಿ, "ಏನ್ರಯ್ಯಾ ಅದು?" ಎಂದ.

"ಏನಿಲ್ಲ ಕ್ಯಾಪ್ಟನ್, ಹಳೇ ಹುಡುಗಾಟ," ಎಂದು ಜೆನೊನ್ ನಕ್ಕು, ತೋಳು ಬಿಡಿಸಿಕೊಂಡು, ಹೆಂಡತಿಯ ಕೈ ಹಿಡಿದು ಇಳಿದುಹೋದ. ಇಬ್ಬರೂ ಈಗಲೂ ಪಕ್ಕಪಕ್ಕದ ಮನೆಯಲ್ಲೇ ಇದ್ದಾರೆ. ಹೇಳಬೇಕಾದ ಆ ಒಂದು ಮಾತನ್ನು ಜೆನೊನ್ ಇನ್ನೂ ಹೇಳಿಲ್ಲ.