ಪೆಟ್ಟಿಗೆಗೆ ಹೊದಿಸಿದ ಕಂಬಳಿ

ಕೊಡಿಗೇನಹಳ್ಳಿ ಕಡೆಯ ಗುಡ್ಡದಲ್ಲಿ ಕುರಿ ಮೇಯಿಸುವ ಬೋರಣ್ಣನಿಗೆ ಐವತ್ತೆಂಟನೆಯ ವಯಸ್ಸಿನಲ್ಲಿ ಒಂದು ಕೆಲಸ ಸಿಕ್ಕಿತು: ಗಾಳಿ ಕಾಯುವುದು. ಊರಿನವರು ನಕ್ಕರು. ಗಾಳಿಯನ್ನು ಯಾರು ಕದಿಯುತ್ತಾರೆ? ನಿಜವಾಗಿ ಅವನು ಕಾಯಬೇಕಾದದ್ದು ಗಾಳಿಯಿಂದ ಕರೆಂಟು ತೆಗೆಯುವ ಕಂಪನಿಯವರು ನೆಟ್ಟ ಎತ್ತರದ ಕಂಬವನ್ನು. ತುದಿಯಲ್ಲಿ ತಿರುಗುವ ಬಟ್ಟಲುಗಳು, ಬುಡದಲ್ಲಿ ಗಾಳಿಯ ವೇಗ ಬರೆದಿಡುವ ಪೆಟ್ಟಿಗೆ. ಒಂದು ವರ್ಷದ ಗಾಳಿ ಚೆನ್ನಾಗಿದೆ ಎಂದು ಗೊತ್ತಾದರೆ ಗುಡ್ಡದ ಮೇಲೆ ಗಾಳಿಯಂತ್ರಗಳು. ಯಂತ್ರ ಬಂದರೆ ಐಟಿಐ ಓದಿದ ಮಗಳು ಶಾಂತಕುಮಾರಿಗೆ ಅಲ್ಲೇ ಕೆಲಸ. ಹಾಗೆಂದು ಎಂಜಿನಿಯರ್ ಬಸವೇಶ್ ಮಾತು ಕೊಟ್ಟಿದ್ದ. ಅದನ್ನು ನಂಬಿ ಅವಳು ಹಿಂದೂಪುರದ ಗಾರ್ಮೆಂಟ್ಸ್ ಕೆಲಸ ಬೇಡವೆಂದು ಕೂತಿದ್ದಳು.

ಬೋರಣ್ಣ ಮೈಯೆಲ್ಲ ಕಣ್ಣಾಗಿ ಕಾದ. ಆಷಾಢ ಬಂತು. ಆ ಗುಡ್ಡದ ಆಷಾಢದ ಗಾಳಿ ನಿಂತ ಕುರಿಯನ್ನೇ ಪಕ್ಕಕ್ಕೆ ಸರಿಸುವಂಥದ್ದು. ಧೂಳು, ಮರಳು ಎಲ್ಲ ಪೆಟ್ಟಿಗೆಗೆ ಬಡಿಯತೊಡಗಿತು. ಕುರಿ ಕಾಯುವವರ ಮನೆಯಲ್ಲಿ ಜೋಪಾನ ಮಾಡಬೇಕಾದ್ದಕ್ಕೆಲ್ಲ ಒಂದೇ ಉಪಾಯ. ಅವತ್ತು ಹುಟ್ಟಿದ ಮರಿಗೂ ಕಂಬಳಿ, ಬಾಣಂತಿಗೂ ಕಂಬಳಿ, ದೇವರ ಪೆಟ್ಟಿಗೆಗೂ ಕಂಬಳಿ. ಅವನು ಹೆಗಲ ಮೇಲಿನದನ್ನೇ ತೆಗೆದು ಸುತ್ತಿ ಕಟ್ಟಿದ. ಪೆಟ್ಟಿಗೆಯ ಮೇಲಿದ್ದ ಅಂಗೈಯಗಲದ ಸೋಲಾರ್ ಹಲಗೆಯೂ ಮುಚ್ಚಿಹೋಯಿತು. ತಿಂಗಳು ಕಳೆದು ಗಾಳಿ ತಗ್ಗಿದ ಮೇಲೆ ಬಿಚ್ಚಿದ. ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದ್ದು ಪಾಪ ಅವನಿಗೆ ಗೊತ್ತಿರಲಿಲ್ಲ.

ವರ್ಷ ತುಂಬಿದ ಮೇಲೆ ಬಸವೇಶ್ ಕಂಬ ಇಳಿಸಲು ಬಂದ.

"ಯಂತ್ರ ಪಾವಗಡದ ಕಡೆ ಗುಡ್ಡಕ್ಕೆ ಹೋಯ್ತು ಬೋರಣ್ಣ. ಇಲ್ಲಿ ಆಷಾಢದ ಗಾಳಿ ಲೆಕ್ಕನೇ ಬಂದಿಲ್ಲ. ಬಿಸಿಲು ಬೀಳದೆ ಪೆಟ್ಟಿಗೆ ಬ್ಯಾಟರಿ ಸತ್ತೋಗಿತ್ತು. ಬಿಸಿಲು ಯಾಕೆ ಬೀಳ್ಲಿಲ್ಲ ಅಂತ ಗೊತ್ತಾಗ್ಲಿಲ್ಲ."

"ಅದುಕ್ಕೆ ಬಿಸ್ಲು ಬೇಕಾ ಸ್ವಾಮಿ?" ಎಂದ ಬೋರಣ್ಣ.

"ಮತ್ತೆ? ಬಿಸಿಲಿಂದಾನೇ ಅದು ನಡೆಯೋದು."

ಬೋರಣ್ಣ ಹೂಂ ಎಂದ. ಅಳು ಬರಲಿಲ್ಲ, ಭಯವೂ ಆಗಲಿಲ್ಲ. ಎದೆಯೊಳಗೆ ಏನೂ ಇಲ್ಲ ಎನಿಸಿತು, ಅಷ್ಟೇ. ಹಗ್ಗ ಹಿಡಿ ಎಂದರು, ಹಿಡಿದ. ಬಿಡು ಎಂದರು, ಬಿಟ್ಟ. ಸಂಜೆ ಕುರಿ ಎಣಿಸುವಾಗ ಎರಡು ಸಲ ತಪ್ಪಿದ.

ಮುಂದಿನ ಸೋಮವಾರ ಬೆಳಿಗ್ಗೆ ಶಾಂತಕುಮಾರಿ ಊಟದ ಡಬ್ಬಿ ಹಿಡಿದು ಹಿಂದೂಪುರದ ಬಸ್ಸಿಗೆ ಹೊರಟಳು. ಹೊಸಿಲ ಬಳಿ ನಿಂತು ಕೇಳಿದಳು.

"ಅಪ್ಪಾ, ಆಷಾಢದಾಗೆ ಊರಾಗೆಲ್ಲ ಶೀಟು ಹಾರೋಗಿದ್ವಲ್ಲ. ಗುಡ್ಡದ ಮ್ಯಾಲೆ ಗಾಳಿ ಇರ್ಲಿಲ್ವಾ?"

ಹುಟ್ಟಿದಾಗಿನಿಂದ ಆ ಗಾಳಿಗೆ ಎದೆಯೊಡ್ಡಿ ನಡೆದವನು ಮಗಳ ಮುಖ ನೋಡಲಿಲ್ಲ.

"ಇಲ್ಲ ಕಣವ್ವ," ಎಂದ. "ಈ ಸಲ ಬೀಸ್ಲೇ ಇಲ್ಲ."